ಅಳೆಯದ ಅಣಬೆ

ಜನವರಿ ೧೧

ತಮ್ಮಾ,

ನಿನ್ನ ಯೋಗಕ್ಷೇಮ ಕೇಳುವ ಮೊದಲೇ ನನ್ನ ಗೋಳು ಹೇಳಿಕೊಳ್ಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಭಾವನ ವಿಷಯ. ಎರಡು ತಿಂಗಳಿಂದ ಹೊಲಿಗೆ ಅಂಗಡಿಯ ಎಂಟು ಮೆಟ್ಟಿಲು ಹತ್ತುವುದರೊಳಗೆ ಮೂರು ಸಲ ನಿಲ್ಲುತ್ತಿದ್ದರು. ಯಾಕೆ ಎಂದರೆ, "ಮೆಟ್ಟಿಲು ಎಣಿಸ್ತಾ ಇದ್ದೀನಿ ಕಣೇ, ಯಾರಾದ್ರೂ ಒಂದನ್ನ ಕದ್ಕೊಂಡು ಹೋದ್ರೆ?" ಎಂದು ನಗಿಸಿ ಮಾತು ಮರೆಸುತ್ತಿದ್ದರು. ಕಡೆಗೆ ನಾನೇ ಎಳೆದುಕೊಂಡು ಆಸ್ಪತ್ರೆಗೆ ಹೋದೆ.

ಹೃದಯದ ಸ್ನಾಯು ಸಡಿಲವಾಗಿದೆಯಂತೆ. ಡಾಕ್ಟರು ಹಾಗೆಂದಾಗ ಇವರು, "ಎಲಾಸ್ಟಿಕ್ ಹೋಗಿದೆ ಅನ್ನಿ, ಹೊಸದು ಹಾಕ್ಬಿಡಿ ಸಾರ್" ಎಂದರು. ಡಾಕ್ಟರು ನಗಲಿಲ್ಲ. 

ರಕ್ತ ಪರೀಕ್ಷೆಯಲ್ಲಿ ಸೆಲೆನಿಯಮ್ ಎನ್ನುವುದು ತೀರಾ ಕಡಿಮೆ ಇದೆ ಎಂದು ಬಂದಿದೆ. ಅದು ಮಣ್ಣಿನಲ್ಲಿರುವ ಒಂದು ಧಾತುವಂತೆ, ಕಡಿಮೆಯಾದರೆ ಹೃದಯ ಸೋಲುತ್ತದೆಯಂತೆ. ನಮ್ಮ ಸುತ್ತಿನ ಮಣ್ಣಿನಲ್ಲೇ ಇಲ್ಲ, ಹಾಗಾಗಿ ನಾವು ತಿನ್ನುವುದರಲ್ಲೂ ಇಲ್ಲ. ಹೃದಯದ ಮಾತ್ರೆಗಳ ಜೊತೆ ಇದಕ್ಕೂ ಒಂದು ಮಾತ್ರೆ ಕೊಟ್ಟರು. ನುಂಗಿದ ಮೂರೂ ದಿನ ವಾಂತಿ. ನೀನು ಅಣಬೆ ಸಂಶೋಧನೆಯವನು, ದೊಡ್ಡ ಪ್ರಯೋಗಾಲಯದಲ್ಲಿರುವವನು. ನಾನೂ ಹಿತ್ತಲ ಶೆಡ್ಡಿನಲ್ಲಿ ಅಣಬೆಯನ್ನೇ ಬೆಳೆಯುವವಳು. ಹುಲ್ಲು, ಬೀಜ, ಚೀಲ ಬಿಟ್ಟರೆ ನನಗೇನೂ ತಿಳಿಯದು. ನಿನಗೆ ಏನಾದರೂ ತೋಚಿದರೆ ಬರೆ.

ನಿನ್ನ ಅಕ್ಕ


ಜನವರಿ ೨೩

ಅಕ್ಕಾ,

ಕಾಗದ ಓದಿ ಊಟ ಸೇರಲಿಲ್ಲ. ಆಮೇಲೆ ಯೋಚಿಸಿದಾಗ, ಎಂಥ ಮಂಕು ನಾನು, ದಿನಾ ಕಣ್ಣೆದುರು ಇರುವುದೇ ಹೊಳೆಯಲಿಲ್ಲವಲ್ಲ ಅನ್ನಿಸಿತು. ನಮ್ಮಲ್ಲಿ ನಡೆಯುತ್ತಿರುವ ಕೆಲಸವೇ ಅದು! ಅಣಬೆಗೆ ಸೆಲೆನಿಯಮ್ ಉಣಿಸುವುದು. ಹುಲ್ಲು ನೆನೆಸುವ ನೀರಿಗೆ ಚಿಟಿಕೆ ಸೆಲೆನಿಯಮ್ ಲವಣ ಬೆರೆಸಿದರೆ ಅಣಬೆ ಅದನ್ನು ಹೀರಿ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮಾತ್ರೆ ಒಗ್ಗದ ಹೊಟ್ಟೆಗೂ ಅದು ಆಹಾರವಾಗಿ ಒಗ್ಗಬಹುದು.

ಈ ಕಾಗದದ ಜೊತೆಗೆ ಒಂದು ಡಬ್ಬಿ ಕಳಿಸಿದ್ದೇನೆ. ಅದರಲ್ಲಿ ಆ ಲವಣದ ನಲವತ್ತು ಪೊಟ್ಟಣಗಳಿವೆ, ಎಲ್ಲವನ್ನೂ ನಾನೇ ತೂಗಿ ಕಟ್ಟಿದ್ದೇನೆ. ನಿನ್ನ ಶೆಡ್ಡಿನ ಪೀಪಾಯಿಯ ಅಳತೆ ನನಗೆ ಗೊತ್ತಲ್ಲ. ಪ್ರತಿ ಸಲ ಹುಲ್ಲು ಮುಳುಗಿಸುವಾಗ ನೀರಿಗೆ ಒಂದು ಪೊಟ್ಟಣ ಹಾಕು, ಹೆಚ್ಚು ಬೇಡ. ಬರಿಗೈಯಲ್ಲಿ ಮುಟ್ಟಬೇಡ, ಮೂಗಿನ ಹತ್ತಿರ ಒಯ್ಯಬೇಡ, ಅಡುಗೆಮನೆಯಲ್ಲಂತೂ ಇಡಬೇಡ. ಪೊಟ್ಟಣದಲ್ಲಿರುವಾಗ ಅದು ವಿಷವೇ. ಬೆಳೆದ ಅಣಬೆಯನ್ನು ಒಣಗಿಸಿ ಪುಡಿ ಮಾಡಿ ಒಂದು ಡಬ್ಬಿ ನನಗೆ ಕಳಿಸು. ಎಷ್ಟಿದೆ ಎಂದು ಅಳೆದು ಹೇಳುತ್ತೇನೆ. ನಾನು ಹೇಳುವವರೆಗೆ ಭಾವನಿಗೆ ಕೊಡಬೇಡ. ಹೇಳಿದ ಮೇಲೆ ದಿನಕ್ಕೆ ಒಂದೇ ಚಮಚ, ಗಂಜಿಯಲ್ಲಿ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿನ್ನ ಹಿತ್ತಲನ್ನು ನಾವು ಮದ್ದಿನ ಅಂಗಡಿಯನ್ನೇ ಮಾಡೋಣ.

ನಿನ್ನ ತಮ್ಮ


ಮಾರ್ಚ್ ೯

ತಮ್ಮಾ,

ಮೊದಲ ಬೆಳೆ ಬಂತು. ಮಗುವಿನ ಕಿವಿಯಷ್ಟು ಮೃದು, ಬೂದು ಬಣ್ಣ, ಚೀಲದ ತೂತುತೂತಿಗೂ ಗೊಂಚಲು. ಒಣಗಿಸಿ, ಬೀಸಿ, ಒಂದು ಡಬ್ಬಿ ಇವತ್ತೇ ಅಂಚೆಗೆ ಹಾಕಿದ್ದೇನೆ.

ಒಂದು ತಮಾಷೆ. ಶೆಡ್ಡಿನ ಬಾಗಿಲು ತೆಗೆದರೆ ಬೆಳ್ಳುಳ್ಳಿ ಜಜ್ಜಿದ ಹಾಗೆ ವಾಸನೆ. ನಾನು ಬೆಳ್ಳುಳ್ಳಿ ತಂದೇ ತಿಂಗಳಾಯಿತು. ನಿನ್ನ ಭಾವ ಬಾಗಿಲಲ್ಲಿ ನಿಂತು, "ಯಾರೋ ನಮ್ಮ ಹಿತ್ತಲಲ್ಲಿ ಕದ್ದು ಅಡುಗೆ ಮಾಡ್ತಾ ಇದ್ದಾರೆ, ನಮಗೂ ಒಂದು ತಟ್ಟೆ ಕೇಳು" ಎಂದರು. ಇದು ಸಹಜವೇ?

ಅವರು ಅಂಗಡಿಗೆ ಹೋಗುತ್ತಿದ್ದಾರೆ, ಆದರೆ ಮಧ್ಯಾಹ್ನಕ್ಕೆಲ್ಲ ವಾಪಸ್ಸು. ಬೇಗ ಅಳೆದು ಬರೆ. ಎದುರಿಗೆ ಮದ್ದು ಇಟ್ಟುಕೊಂಡು ಕೊಡದೆ ಕೂರುವುದು ಎಂಥ ಕಷ್ಟ ಎಂದು ನಿನಗೆ ಗೊತ್ತಿಲ್ಲ.

ಅಕ್ಕ


ಏಪ್ರಿಲ್ ೨

ಅಕ್ಕಾ,

ತಡವಾಯಿತು, ಕ್ಷಮಿಸು. ಇಲ್ಲಿ ಕೆಲಸದ ಒತ್ತಡ ಹೇಳತೀರದು. ನಿನ್ನ ಡಬ್ಬಿ ಜೋಪಾನವಾಗಿ ತಲುಪಿದೆ. ಪುಡಿ ಚೆನ್ನಾಗಿದೆ. ಎಲ್ಲ ಸರಿಯಾಗಿದೆ. ಭಾವನಿಗೆ ಶುರು ಮಾಡಬಹುದು.

ವಾಸನೆಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ, ಅಣಬೆಗೆ ಸೆಲೆನಿಯಮ್ ಹಾಕಿದಾಗ ಸ್ವಲ್ಪ ಹಾಗೆ ಬರುತ್ತದೆ.

ಭಾವನಿಗೆ ನನ್ನ ನಮಸ್ಕಾರ. ನನಗೊಂದು ಅಂಗಿ ಹೊಲಿದು ಕೊಡುವುದು ಅವರ ಮೇಲೆ ಬಾಕಿ ಇದೆ, ಅದಕ್ಕಾದರೂ ಗಟ್ಟಿಯಾಗಬೇಕು ಎಂದು ಹೇಳು.

ತಮ್ಮ


ಮೇ ೨೮

ತಮ್ಮಾ,

ಕೇಳು, ಮೊನ್ನೆ ಎಂಟು ಮೆಟ್ಟಿಲನ್ನೂ ಒಂದೇ ಉಸಿರಿಗೆ ಹತ್ತಿದರು! ಮೇಲೆ ನಿಂತು ನನ್ನ ಕಡೆ ತಿರುಗಿ, ಆಟ ಗೆದ್ದ ಹುಡುಗನ ಹಾಗೆ ಎರಡೂ ಕೈ ಎತ್ತಿದರು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ. ಹಣ್ಣು ಮಾರುವವಳು ನನಗೇನೋ ಆಯಿತೆಂದು ನೀರು ತಂದುಕೊಟ್ಟಳು.

ಒಂದು ಚಮಚಕ್ಕೆ ಇಷ್ಟು ಗುಣ ಕಂಡಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು ಕೊಡುತ್ತಿದ್ದೇನೆ. ಬೈಯಬೇಡ. ಪಕ್ಕದ ಬೀದಿಯ ಮೇಷ್ಟ್ರು ಕೇಳಿದರು, ಅವರಿಗೂ ಕೊಟ್ಟೆ. ಬುಟ್ಟಿ ಹೆಣೆಯುವ ಅಜ್ಜಿಗೂ. ಹೀಗೆ ಬಾಯಿಂದ ಬಾಯಿಗೆ ಹೋಗಿ ಹನ್ನೊಂದು ಮನೆಯಾಯಿತು. "ನನ್ನ ತಮ್ಮ ವಿಜ್ಞಾನಿ, ಅವನೇ ಅಳೆದು ಹೇಳಿದ್ದು" ಎಂದು ಹೇಳುವಾಗ ನನ್ನ ಕೊರಳು ನೆಟ್ಟಗಾಗುತ್ತದೆ.

ಅಷ್ಟು ಜನಕ್ಕೆ ಬೆಳೆಯುವುದು ಕಷ್ಟವಲ್ಲವೇ ಎನ್ನುತ್ತೀಯೇನೋ. ಅಮ್ಮ ಕಲಿಸಿದ ಬುದ್ಧಿ ಇದೆಯಲ್ಲ, ಅದು ಬಿಟ್ಟರೆ ತಾನೆ? ಕಾಯಿಸಿದ ನೀರನ್ನು ಚೆಲ್ಲುವುದಿಲ್ಲ. ಪೀಪಾಯಿ ಒಂದು ಸಲ ಕುದಿಸಿದರೆ ಅದೇ ನೀರಿನಲ್ಲಿ ಎಂಟು ಕಂತೆ ಹುಲ್ಲು ಮುಳುಗಿಸಿ ಎತ್ತುತ್ತೇನೆ. ಎತ್ತಿದ ಕಂತೆಯನ್ನು ಪೀಪಾಯಿಯ ಮೇಲೇ ತೂಗುಹಾಕಿ ನೀರು ವಾಪಸ್ಸು ಇಳಿಸುತ್ತೇನೆ. ಕಡಿಮೆಯಾದಷ್ಟು ಮಾತ್ರ ತುಂಬುತ್ತೇನೆ. ನೀನು ಹೇಳಿದ ಹಾಗೆ ಪ್ರತಿ ಸಲವೂ ತಪ್ಪದೆ ಒಂದು ಪೊಟ್ಟಣ. ಪೊಟ್ಟಣ ಮುಗಿಯುತ್ತಾ ಬಂತು, ಇನ್ನಷ್ಟು ಕಳಿಸು.

ಭಾವನಿಗೆ ಕೂದಲು ಸ್ವಲ್ಪ ಉದುರುತ್ತಿದೆ. ಉಸಿರಿಗೂ ಆ ಬೆಳ್ಳುಳ್ಳಿ ವಾಸನೆ. "ನೀನು ಅಣಬೆ ಬೆಳೆದೆ, ಅಣಬೆ ನನ್ನನ್ನ ಬೆಳೀತಾ ಇದೆ" ಎನ್ನುತ್ತಾರೆ. ಮನುಷ್ಯ ನಗುನಗುತ್ತಾ ಇದ್ದರೆ ಸಾಕು, ಕೂದಲು ಯಾರಿಗೆ ಬೇಕು?

ಅಕ್ಕ


ಜೂನ್ ೧೫

ಅಕ್ಕಾ,

ಮೆಟ್ಟಿಲಿನ ಸುದ್ದಿ ಓದಿ ಕುಣಿದಾಡಿದೆ. ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ.

ಕೂದಲು ಹೃದಯದ ಮಾತ್ರೆಗೆ ಉದುರಬಹುದು, ವಯಸ್ಸಿಗೂ ಉದುರಬಹುದು. ಭಾವನಿಗೆ ಒಂದು ಟೋಪಿ ಹೊಲಿದುಕೊಳ್ಳಲು ಹೇಳು, ಬಟ್ಟೆಯ ಚೂರುಗಳಿಗೇನು ಬರವೇ? ಚಮಚ ಮಾತ್ರ ಒಂದೇ ಇರಲಿ.

ಇಲ್ಲಿ ನನಗೆ ಕೆಲಸ ಹೆಚ್ಚಾಗಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತು ಪೊಟ್ಟಣ ಕಳಿಸಿದ್ದೇನೆ.

ತಮ್ಮ


ಜುಲೈ ೩೦

ತಮ್ಮನಿಗೆ,

ಮೊನ್ನೆ ಮಿಷನ್ನಿನ ಸೂಜಿ ನಿನ್ನ ಭಾವನ ತೋರುಬೆರಳನ್ನು ದಾಟಿ ಬಟ್ಟೆಗೆ ಇಳಿದಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಕಾಲರಿನ ಮೇಲೆ ರಕ್ತ ನೋಡಿ ಗಿರಾಕಿ ಕೂಗಿದ ಮೇಲೆ ಕೈ ನೋಡಿಕೊಂಡರು.

ಬೆರಳುಗಳು ಮರಗಟ್ಟಿ ತಿಂಗಳ ಮೇಲಾಯಿತಂತೆ. ಉಗುರುಗಳಲ್ಲಿ ಬಿಳಿ ಗೆರೆ ಎದ್ದು ಎರಡು ಉದುರಿವೆ. ಉಗುರಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ನಿನಗೆ ಬರೆದಿರಲಿಲ್ಲ. ಬರೆದರೆ ನಿಲ್ಲಿಸು ಎಂದುಬಿಡುತ್ತೀಯೆಂದು ಹೆದರಿದ್ದೆ.

ಡಾಕ್ಟರು ಏನು ತಿನ್ನುತ್ತಾರೆ ಎಂದು ಕೇಳಿದರು. ಪುಡಿ ತೋರಿಸಿದೆ. ನನ್ನ ತಮ್ಮ ಅಳೆದಿದ್ದಾನೆ ಎಂದೆ. "ಹಾಗಾದ್ರೆ ಅಳೆದ ಕಾಗದ ತರಿಸಮ್ಮ. ಬೇಗ" ಎಂದರು.

ಆ ಕಾಗದ ಕಳಿಸು.

ಅಕ್ಕ


ತಂತಿ
ಆಗಸ್ಟ್ ೬

ಪುಡಿ ನಿಲ್ಲಿಸು. ಯಾರಿಗೂ ಕೊಡಬೇಡ. ಹನ್ನೊಂದು ಮನೆಗೂ ಹೇಳು. ಕಾಗದ ಬರೆಯುತ್ತಿದ್ದೇನೆ. ತಮ್ಮ.


ಆಗಸ್ಟ್ ೭

ಅಕ್ಕಾ,

ಅಳೆದ ಕಾಗದ ಇರಲಿಲ್ಲ. ನಾನು ಅಳೆದಿರಲಿಲ್ಲ.

ನಿನ್ನ ಡಬ್ಬಿ ಮಾರ್ಚ್ ತಿಂಗಳಿಂದ ನನ್ನ ಮೇಜಿನ ಮೇಲಿನ ಹಲಗೆಯಲ್ಲಿ ಇತ್ತು. ನೀನು ಬಿಗಿದ ದಾರವನ್ನೂ ಬಿಚ್ಚಿರಲಿಲ್ಲ. ಯಾಕೆ ಎಂದು ಹೇಳುತ್ತೇನೆ, ಓದು. ನಾನು ವಿಜ್ಞಾನಿಯಲ್ಲ ಅಕ್ಕಾ. ಬೇರೆಯವರು ತಂದ ಅಣಬೆಯನ್ನು ಅರೆದು, ಆಮ್ಲದಲ್ಲಿ ಕರಗಿಸಿ, ಸೀಸೆಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಅಳೆಯುವ ಯಂತ್ರದ ಕೋಣೆಗೆ ಬೇರೆಯವರಿದ್ದಾರೆ. ಅದರಲ್ಲಿ ಏನನ್ನು ಹಾಕಬೇಕಾದರೂ ದೊಡ್ಡ ಮೇಡಂ ಸಹಿ ಬೇಕು. ಸಹಿ ಕೇಳಿದರೆ ಆ ಪೊಟ್ಟಣಗಳು ಎಲ್ಲಿಂದ ಹೋದವು ಎನ್ನುವುದು ಬಯಲಾಗುತ್ತದೆ. ಲವಣದ ಕಪಾಟಿನಿಂದ ಅವರನ್ನು ಕೇಳದೆ ತೆಗೆದಿದ್ದೆ. ಇವತ್ತು ಕೇಳೋಣ, ನಾಳೆ ಕೇಳೋಣ ಎಂದು ವಾರಗಟ್ಟಲೆ ತಳ್ಳಿದೆ. ಭಾವ ಕಾಯುತ್ತಿದ್ದಾರಲ್ಲ ಎಂದು ಕಡೆಗೆ "ಸರಿಯಾಗಿದೆ" ಎಂದು ಬರೆದೆ. ನಾನು ತೂಗಿದ ಪೊಟ್ಟಣ, ನೀನು ಹಾಕುವ ಕೈ. ತಪ್ಪು ಎಲ್ಲಿಂದ ಬರಬೇಕು ಅಂದುಕೊಂಡೆ.

ನೀರಿನಿಂದ ಬಂತು. ಇಲ್ಲಿ ಪ್ರತಿ ಚೀಲಕ್ಕೂ ಹೊಸ ನೀರು. ನೆನೆಸಿದ ಮೇಲೆ ಚೆಲ್ಲುತ್ತಾರೆ. ನೀನು ಎತ್ತಿದ ಕಂತೆ ಸ್ವಲ್ಪ ನೀರನ್ನಷ್ಟೇ ಒಯ್ದಿತು, ಉಳಿದ ಲವಣವೆಲ್ಲ ಪೀಪಾಯಿಯಲ್ಲೇ ಉಳಿಯಿತು. ಅದರ ಮೇಲೆ ಇನ್ನೊಂದು ಪೊಟ್ಟಣ, ಮತ್ತೊಂದು. ಮೇ ತಿಂಗಳ ಕಾಗದದಲ್ಲಿ ನೀನು ಇದನ್ನೆಲ್ಲ ಬಿಡಿಸಿ ಬರೆದಿದ್ದೆ. ನಾನು ಮೆಟ್ಟಿಲಿನ ಭಾಗವನ್ನೇ ಹತ್ತು ಸಲ ಓದಿದೆ, ನೀರಿನ ಸಾಲಿನ ಮೇಲೆ ಕಣ್ಣು ಹಾಯಿಸಿದೆ ಅಷ್ಟೇ. ಕಾದ ನೀರು ಚೆಲ್ಲಿದ್ದಕ್ಕೆ ಅಮ್ಮನ ಕೈಯಲ್ಲಿ ಏಟು ತಿಂದವನು ನಾನು. ನೀನು ಚೆಲ್ಲುವುದಿಲ್ಲ ಎಂದು ಈ ಲೋಕದಲ್ಲಿ ಯಾರಿಗಾದರೂ ತಿಳಿದಿರಬೇಕಾಗಿದ್ದರೆ ಅದು ನನಗೆ.

ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಸೆಲೆನಿಯಮ್ ಮಿತಿಮೀರಿದೆ ಎಂದರ್ಥ. ನಮ್ಮ ಕೋಣೆಯ ಗೋಡೆಯ ಮೇಲಿನ ಎಚ್ಚರಿಕೆ ಹಲಗೆಯಲ್ಲಿ ಇದು ಮೊದಲನೆಯ ಸಾಲು. ದಿನವೂ ಅದರ ಕೆಳಗೆ ಕೈ ತೊಳೆಯುತ್ತೇನೆ.

ನಿನ್ನ ಕಾಗದ ಬಂದ ದಿನ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಡಬ್ಬಿ ತೆಗೆದುಕೊಂಡು ತಾವೇ ಯಂತ್ರದ ಕೋಣೆಗೆ ಹೋದರು. ಒಂದು ಗ್ರಾಂ ಪುಡಿಯಲ್ಲಿ ಹತ್ತು ಮೈಕ್ರೋಗ್ರಾಂ ಇರಬೇಕಿತ್ತು. ಐವತ್ತೊಂದು ಇದೆ. ಅದೂ ಮೊದಲ ಬೆಳೆಯಲ್ಲಿ. ಆಮೇಲಿನದು ಇನ್ನೂ ಹೆಚ್ಚಿರಬಹುದು. ಸಹಿ ಹಾಕಿದ ಕಾಗದ ಇದರೊಳಗಿದೆ, ಡಾಕ್ಟರಿಗೆ ಕೊಡು. ಹನ್ನೊಂದು ಮನೆಯ ಪುಡಿಯನ್ನೂ ಕಳಿಸು, ಎಲ್ಲವನ್ನೂ ಅಳೆಯಲು ಮೇಡಂ ಒಪ್ಪಿದ್ದಾರೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ತಮ್ಮ


ಸೆಪ್ಟೆಂಬರ್ ೫

ಅಕ್ಕಾ,

ಹನ್ನೊಂದು ಡಬ್ಬಿಗಳ ಪಾರ್ಸಲ್ ಬಂತು. ಒಳಗೆ ಚೀಟಿ ಇರಬಹುದೆಂದು ಹುಡುಕಿದೆ. ಇರಲಿಲ್ಲ. ಅಳೆದ ಪಟ್ಟಿ ಕಳಿಸಿದ್ದೇನೆ. ಮೇಷ್ಟ್ರ ಮನೆಯದು ಎಲ್ಲಕ್ಕಿಂತ ಹೆಚ್ಚು, ಅವರನ್ನು ಮೊದಲು ಡಾಕ್ಟರಿಗೆ ತೋರಿಸು.

ನಿಮ್ಮ ಮನೆ ಹತ್ತಿರದ ಔಷಧಿ ಅಂಗಡಿಯ ಫೋನಿಗೆ ಎರಡು ಸಲ ಮಾಡಿದೆ. ನೀನು ಬರುವುದಿಲ್ಲ ಎಂದೆಯಂತೆ. ಭಾವ ಹೇಗಿದ್ದಾರೆ ಎಂದು ಅಂಗಡಿಯವರನ್ನು ಕೇಳಿದರೆ, "ಅದನ್ನ ಅವರೇ ಹೇಳ್ಬೇಕು" ಎಂದು ಇಟ್ಟುಬಿಟ್ಟರು.

ಒಂದು ಸಾಲು ಬರೆ. ಬೈದು ಬರೆ.

ತಮ್ಮ


ಅಕ್ಟೋಬರ್ ೧೯

ತಮ್ಮನಿಗೆ,

ಬರೆಯಬಾರದು ಎಂದೇ ಇದ್ದೆ. ನಿನ್ನ ಭಾವ ಬರೆ ಬರೆ ಎಂದು ಪೀಡಿಸಿ ಕೂರಿಸಿದ್ದಾರೆ.

ನೀನು ಸೀಸೆಗೆ ಚೀಟಿ ಅಂಟಿಸುವವನು ಎಂದು ತಿಳಿದು ನನಗೇನೂ ನಾಚಿಕೆಯಾಗಲಿಲ್ಲ, ಇದನ್ನು ತಲೆಗೆ ಹಾಕಿಕೋ. ನಾನು ಹುಲ್ಲು ಕುದಿಸುವವಳು, ಇವರು ಗುಂಡಿ ಹೊಲಿಯುವವರು. ವಿಜ್ಞಾನಿಯಾಗೆಂದು ನಿನ್ನನ್ನು ಕೇಳಿದವರು ಯಾರು? ನಾನು ಕೇಳಿದ್ದು ಒಂದೇ: ಆ ಪುಡಿಯಲ್ಲಿ ಎಷ್ಟಿದೆ? "ಗೊತ್ತಿಲ್ಲ ಅಕ್ಕಾ" ಎಂದಿದ್ದರೆ ನಾನು ಕೊಡುತ್ತಿರಲಿಲ್ಲ.

ಹೀಗೆ ಬರೆದು, ಇದು ನಿಜವೇ ಎಂದು ಸ್ವಲ್ಪ ಹೊತ್ತು ಲೇಖನಿ ಕೆಳಗಿಟ್ಟೆ. ನಿಜವಲ್ಲ. ನಿನ್ನ "ಸರಿಯಾಗಿದೆ" ಬರುವ ಮೂರು ವಾರ ಮೊದಲೇ ಕೊಡಲು ಶುರು ಮಾಡಿದ್ದೆ. ಡಬ್ಬಿ ಅಂಚೆಗೆ ಹಾಕಿ ಮನೆಗೆ ಬಂದ ಸಂಜೆಯೇ. ಅವರ ಉಸಿರು ಕೇಳುತ್ತಾ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ.

ಹನ್ನೊಂದು ಮನೆಗೂ ನಾನೇ ಹೋದೆ. ಕೊಡುವಾಗ ತಲೆ ಎತ್ತಿ ಹೋದವಳು, ವಾಪಸ್ಸು ಕೇಳುವಾಗ ಹೊಸ್ತಿಲ ಹೊರಗೇ ನಿಂತೆ. ಮೇಷ್ಟ್ರ ಹೆಂಡತಿ ಡಬ್ಬಿಯನ್ನು ನನ್ನ ಕಾಲ ಬಳಿ ಇಟ್ಟು ಬಾಗಿಲು ಹಾಕಿಕೊಂಡಳು. ಮೇಷ್ಟ್ರಿಗೆ ಹೊಟ್ಟೆ ಕೆಟ್ಟಿತ್ತು, ಕೂದಲು ಹೋಗಿತ್ತು, ಈಗ ಸುಧಾರಿಸುತ್ತಿದ್ದಾರೆ. ಬುಟ್ಟಿ ಹೆಣೆಯುವ ಅಜ್ಜಿ ಡಬ್ಬಿಯನ್ನೇ ಬಚ್ಚಿಟ್ಟಳು. "ಎಂಬತ್ತು ವರ್ಷ ಯಾರೂ ನನಗೆ ಔಷಧಿ ತಂದ್ಕೊಟ್ಟಿಲ್ಲ. ನೀನು ತಂದ್ಕೊಟ್ಟೆ. ಈಗ ಕಿತ್ಕೊಳ್ಳೋಕೆ ಬಂದಿದ್ದೀಯಾ?" ಎಂದಳು. ಅವಳ ಪಕ್ಕ ಕೂತು ಮಧ್ಯಾಹ್ನದವರೆಗೆ ಬಿದಿರು ಸೀಳಿದ ಮೇಲೆ ಕೊಟ್ಟಳು.

ಇನ್ನು ಇವರ ವಿಷಯ. ಉಗುರು ಮತ್ತೆ ಹುಟ್ಟುತ್ತಿದೆ. ಕೂದಲು ನವಿರಾಗಿ ಬರುತ್ತಿದೆ. ಎಡಗೈಗೆ ಬಿಸಿ ತಂಪು ತಿಳಿಯುತ್ತದೆ. ಬಲಗೈಯ ಮೂರು ಬೆರಳುಗಳಿಗೆ ಇನ್ನೂ ಇಲ್ಲ. ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಬಟ್ಟೆಯನ್ನು ಕಣ್ಣು ಮುಚ್ಚಿ ಮುಟ್ಟಿ ಇದು ಇಂಥದ್ದು ಎಂದು ಹೇಳುತ್ತಿದ್ದರಲ್ಲ, ಈಗ ಕೆನ್ನೆಗೆ ಒತ್ತಿ ನೋಡುತ್ತಾರೆ. ನಾನು ಅದನ್ನು ನೋಡದ ಹಾಗೆ ಆಚೆ ಹೋಗುತ್ತೇನೆ.

ಮೊನ್ನೆ ಕೇಳಿದೆ, ಬೆರಳು ಸತ್ತದ್ದು ಯಾಕೆ ಹೇಳಲಿಲ್ಲ ಎಂದು. "ನಾನು ಮೆಟ್ಟಿಲು ಹತ್ತಿದ ದಿನ ನಿನ್ನ ಮುಖ ನೋಡಿದ್ದೆ. ಆ ಮುಖಾನ ವಾಪಸ್ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ" ಎಂದರು. ಆಮೇಲೆ ನಕ್ಕು, "ಅವನು ಅಳೀಲಿಲ್ಲ, ನೀನು ಕಾಯ್ಲಿಲ್ಲ, ನಾನು ಬಾಯಿ ಬಿಡ್ಲಿಲ್ಲ. ಮೂವರೂ ಸೇರಿ ಮಾಡಿದ ಅಡುಗೆ ಇದು. ಅವನೊಬ್ಬನನ್ನೇ ಒಲೆಗೆ ಹಾಕ್ಬೇಡ" ಎಂದರು.

ಅವರು ಅಂದದ್ದನ್ನು ಬರೆದಿದ್ದೇನೆ. ನನ್ನ ಮನಸ್ಸು ಇನ್ನೂ ಅಷ್ಟು ದೊಡ್ಡದಾಗಿಲ್ಲ.

ಅಕ್ಕ


ನವೆಂಬರ್ ೨

ಅಕ್ಕಾ,

ನಿನ್ನ ಮನಸ್ಸು ಯಾವ ಅಳತೆಯಲ್ಲಿದ್ದರೂ ಇರಲಿ. ಬರೆದೆಯಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಲವಣದ ಕಪಾಟಿನ ಬೀಗದ ಕೈಯನ್ನು ಮಾತ್ರ ವಾಪಸ್ಸು ಪಡೆದರು, ಅದು ಸರಿ. ಮೇಡಂ ನಿನ್ನ ಪೀಪಾಯಿಯ ಪದ್ಧತಿಯನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡರು. "ಇಷ್ಟು ವರ್ಷ ಬೆಳೆಗಾರರಿಗೆ ಪುಸ್ತಕ ಬರೆದಿದ್ದೀನಿ. ನೀರನ್ನ ಏನು ಮಾಡ್ತೀರಿ ಅಂತ ಒಬ್ಬರನ್ನೂ ಕೇಳಿಲ್ವಲ್ಲಯ್ಯ" ಎಂದರು.

ಭಾವನಿಗೆ ಹೇಳು, ನಾನು ಒಲೆಗೆ ಸಿದ್ಧನಾಗಿಯೇ ಇದ್ದೆ ಎಂದು.

ತಮ್ಮ


ಫೆಬ್ರವರಿ ೧೪

ತಮ್ಮಾ,

ಒಂದು ಕಷ್ಟದ ವಿಷಯಕ್ಕೆ ಬರೆಯುತ್ತಿದ್ದೇನೆ.

ಮೈಯಲ್ಲಿದ್ದ ಹೆಚ್ಚಿನ ಸೆಲೆನಿಯಮ್ ಎಲ್ಲ ಇಳಿದುಹೋಯಿತು. ಇಳಿದು ನಿಲ್ಲಲಿಲ್ಲ, ಮತ್ತೆ ಹಳೆಯ ಕೊರತೆಗೇ ಬಂದಿದೆ. ಮೆಟ್ಟಿಲಿನ ಮೇಲೆ ಮತ್ತೆ ನಿಲ್ಲುತ್ತಿದ್ದಾರೆ, ಈ ಸಲ ಎಣಿಸುತ್ತಿದ್ದೇನೆ ಎಂದೂ ಹೇಳುವುದಿಲ್ಲ. ಡಾಕ್ಟರು ಬೇರೆ ಮಾತ್ರೆ ಕೊಟ್ಟು ನೋಡಿದರು, ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. "ಬಹಳ ದಿನ ಹೀಗೆ ಬಿಡೋಕಾಗಲ್ಲಮ್ಮ. ನಿಮ್ಮ ಅಣಬೆಯೇ ಆಗ್ಲಿ, ಆದ್ರೆ ಅಳೆದದ್ದು. ಅಳೆದ ಕಾಗದ ನನ್ನ ಮೇಜಿಗೆ ಬಂದ ಮೇಲೆ, ಎಷ್ಟು ಅಂತ ನಾನು ಹೇಳ್ತೀನಿ" ಎಂದರು.

ನಾನು ಆಗುವುದಿಲ್ಲ ಎಂದೆ. ಆ ಪುಡಿಯ ಚಮಚ ನನ್ನ ಕೈಯಲ್ಲಿ ಮತ್ತೆ ಏಳುವುದಿಲ್ಲ ಎಂದೆ. ಇವರು ಅಂಗಿಯ ತೋಳು ಮಡಚಿಕೊಳ್ಳುತ್ತಾ, "ನಿನ್ನ ಕೈಲಾಗದಿದ್ರೆ ನಾನೇ ತಿನ್ಕೋತೀನಿ. ಎಡಗೈ ಇದೆಯಲ್ಲ" ಎಂದರು.

ಉಳಿದಿದ್ದ ಪೊಟ್ಟಣಗಳಲ್ಲಿ ಒಂದನ್ನು ಹಾಕಿ ಒಂದೇ ಕಂತೆ, ಹೊಸ ನೀರಿನಲ್ಲಿ ಬೆಳೆದೆ. ನೀರನ್ನು ಡಾಕ್ಟರು ಹೇಳಿದ ಕಡೆ, ಬಾವಿಯಿಂದ ದೂರ ಗುಂಡಿ ತೆಗೆದು ಸುರಿದೆ. ಮಿಕ್ಕ ಪೊಟ್ಟಣಗಳನ್ನು ಅವರಿಗೇ ಒಪ್ಪಿಸಿದೆ. ಪುಡಿಯ ಡಬ್ಬಿ ಇದರ ಜೊತೆ ಇದೆ. ಇವರಿಗೆ ಒಂದು ಚಿಟಿಕೆಯನ್ನೂ ಕೊಟ್ಟಿಲ್ಲ. ಮಿಕ್ಕ ಪುಡಿ ಇಟ್ಟ ಕಪಾಟಿನ ಬೀಗದ ಕೈ ಡಾಕ್ಟರ ಹತ್ತಿರ ಇದೆ. ನನ್ನನ್ನು ನಾನು ನಂಬಲಿಲ್ಲ.

ನಿನ್ನನ್ನು ನಂಬಬೇಕೋ ಬೇಡವೋ ಗೊತ್ತಿಲ್ಲ. ಬೇರೆ ದಾರಿಯಿಲ್ಲ.

ಅಕ್ಕ


ಮಾರ್ಚ್ ೩

ಅಕ್ಕಾ,

ಡಬ್ಬಿ ಬಂದ ದಿನವೇ ಮೇಡಂ ಸಹಿ ತೆಗೆದುಕೊಂಡೆ. ನಾನೇ ಅರೆದೆ, ನಾನೇ ಕರಗಿಸಿದೆ. ಯಂತ್ರದ ಪಕ್ಕದಲ್ಲೇ ನಿಂತಿದ್ದೆ.

ಮೊದಲ ಸಲ ಒಂಬತ್ತು ಎಂದು ಬಂತು. ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಸಂತೋಷದಿಂದ ಕಣ್ಣು ತುಂಬಿತು, ತಂತಿ ಕೊಡಲು ಎದ್ದೆ. ಬಾಗಿಲಲ್ಲಿ ನಿಂತು ಯೋಚಿಸಿ, ವಾಪಸ್ಸು ಬಂದು ಅದೇ ಪುಡಿಯನ್ನು ಇನ್ನೊಂದು ಸಲ ಹಾಕಿಸಿದೆ. ಹದಿನೇಳು ಬಂತು. ಮೂರನೆಯ ಸಲ ಹನ್ನೆರಡು.

ಪುಡಿ ಸಮವಾಗಿ ಬೆರೆತಿಲ್ಲವೋ, ನಾನು ಹಾಕಿದ ಆಮ್ಲ ಹೆಚ್ಚುಕಡಿಮೆಯಾಯಿತೋ ತಿಳಿಯದು. ಯಂತ್ರದವರು, "ಮಧ್ಯದ್ದು ಬರ್ಕೊಳ್ಳಯ್ಯ, ಹನ್ನೆರಡು ಅಂದ್ರೆ ಏನೂ ಆಗಲ್ಲ" ಎಂದರು. ಏನೂ ಆಗದಿರಬಹುದು. ಆದರೆ ಮೂರರಲ್ಲಿ ಯಾವುದು ನಿಜ ಎಂದು ನನಗೆ ಗೊತ್ತಿಲ್ಲ. ಡಬ್ಬಿಯನ್ನೆಲ್ಲ ಮತ್ತೆ ಅರೆದು, ಜರಡಿ ಹಿಡಿದು, ಮೊದಲಿನಿಂದ ಮಾಡಬೇಕು. ಯಂತ್ರದ ಸರದಿ ಮತ್ತೆ ಬರುವುದು ಹನ್ನೆರಡು ದಿನಕ್ಕೆ.

ಹನ್ನೆರಡು ದಿನ ಎಂದರೆ ನಿನಗೆ ಎಷ್ಟು ದಿನ ಎಂದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ಈ ಪುಡಿಯಲ್ಲಿ ಎಷ್ಟಿದೆ ಎಂದು ನನಗೆ ಇವತ್ತು ಗೊತ್ತಿಲ್ಲ, ಅಕ್ಕಾ. ಕೊಡಬೇಡ.

ತಮ್ಮ


ಮಾರ್ಚ್ ೧೧

ತಮ್ಮಾ,

ಕಾಗದ ಬಂತು. ಇವರು ಎರಡು ಸಲ ಓದಿಸಿಕೊಂಡರು. ಆಮೇಲೆ, ಬಾಕಿ ಇರುವ ಅಂಗಿಗೆ ನಿನ್ನ ತೋಳಿನ ಅಳತೆ ಹಳೆಯ ಪುಸ್ತಕದಲ್ಲಿ ಇದೆಯೇ ನೋಡು ಎಂದರು.

ಅವಸರ ಇದೆ. ಆದರೂ ಕಾಯುತ್ತೇವೆ.

ಅಕ್ಕ